ಹುಣಸೆಹಣ್ಣು ಹಾಕಿ ತಿಕ್ಕಿದ ಹವಳ

ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಯಾರೂ ಬೇಡವೆನ್ನುವುದಿಲ್ಲ. ಶಿವಲಿಂಗಮ್ಮನವರು ಅಷ್ಟಕ್ಕೇ ನಿಲ್ಲಿಸಿದ್ದರೆ ಅಳಿಯ ಮಂಜೇಶನ ಭಾನುವಾರ ಸುಖವಾಗಿ ಕಳೆಯುತ್ತಿತ್ತು.

ಸ್ನಾನ ಮುಗಿಸಿ ಬಂದವನು ಹಾಲ್‌ನಲ್ಲಿದ್ದ ಉಪ್ಪುನೀರಿನ ಅಕ್ವೇರಿಯಂ ನೋಡಿ ಹೌಹಾರಿದ. ನಿನ್ನೆಯವರೆಗೆ ಕಂದುಬಣ್ಣಕ್ಕಿದ್ದ ಹವಳ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಾಗಿತ್ತು.

"ಅತ್ತೇ! ಇದಕ್ಕೇನ್ ಮಾಡಿದ್ರಿ?"

"ಏನ್ ಪಾಚಿ ಕಟ್ಟಿತ್ತು ಅಳಿಯಂದ್ರೇ! ಆಚೆ ತೆಗೆದು ಹುಣಸೆಹಣ್ಣು ಹಾಕಿ ತಿಕ್ದೆ. ಈಗ ನೋಡಿ, ಹೆಂಗೆ ಫಳಫಳ ಅಂತದೆ!"

"ಅದು ಪಾಚಿ ಅಲ್ಲ ಅತ್ತೆ, ಜೀವ! ಕಲ್ಲಿನ ಮೇಲಿನ ಆ ಪೊರೆಯೇ ಪ್ರಾಣಿ!"

"ಕಲ್ಲಿಗೂ ಜೀವ್ವಾ? ಓದಿದೋರು ಏನ್ ಹೇಳಿದ್ರೂ ನಡೀತದೆ ಬಿಡಿ" ಎಂದು ಅವರು ಚಟ್ನಿ ರುಬ್ಬಲು ಹೋದರು.

ಅದು ಅಂತಿಂಥ ಹವಳವಲ್ಲ. ಮಂಜೇಶನ ಮ್ಯಾನೇಜರ್ ಡೇವ್ ತನ್ನ ಮನೆಯ ಹವಳದಿಂದ ಒಂದು ತುಂಡು ಮುರಿದು, ಮಗಳನ್ನು ಧಾರೆಯೆರೆದು ಕೊಡುವಂತೆ ಕೊಟ್ಟದ್ದು. ಇತ್ತ ಮಂಜೇಶನ ಎಚ್-ಒನ್ ವೀಸಾ ಮುಗಿಯುತ್ತ ಬಂದಿತ್ತು. ಗ್ರೀನ್ ಕಾರ್ಡಿನ ಕಾಗದಕ್ಕೆ ಡೇವ್ ಸಹಿ ಬೀಳಬೇಕಿತ್ತು. ನಿನ್ನೆ ತಾನೇ ಡೇವ್ ಮನೆಯಲ್ಲಿ ಬಾರ್ಬೆಕ್ಯೂ. ಮಂಜೇಶ ಹಿತ್ತಿಲಲ್ಲಿ ನಿಂತು ಹವಳದ ಆರೈಕೆಯ ಬಗ್ಗೆಯೇ ಮಾತಾಡಿ ಡೇವ್‌ನನ್ನು ಕರಗಿಸಿದ್ದ. ಮಾಂಸದ ಹೊಗೆ ಆಗದ ಶಿವಲಿಂಗಮ್ಮನವರು ಮಾತ್ರ ಹೊರಡುವವರೆಗೂ ಮನೆಯೊಳಗೇ ಇದ್ದರು.

ಅಷ್ಟರಲ್ಲಿ ಫೋನು ಬಂತು. ಡೇವ್! ಸಂಜೆ ಬರುತ್ತಾನಂತೆ, ತಾನು ಕೊಟ್ಟ ಹವಳವನ್ನು ನೋಡಲೇಬೇಕಂತೆ. ಮಂಜೇಶ ಫೋನಿಟ್ಟು ಮತ್ತೆ ಕೂಗಾಡತೊಡಗಿದ.

ಕೂಗಾಟ ಕೇಳಿ ಪಕ್ಕದ ಅಪಾರ್ಟ್‌ಮೆಂಟಿನ ಸುಬ್ಬು ಕರೆಯದೇ ಬಂದ. "ಇಷ್ಟೇನಾ? ಡೋಂಟ್ ವರಿ ಮಾರಾಯ, ಬಣ್ಣ ಹಚ್ಚಿದ್ರಾಯ್ತು" ಎಂದವನೇ ಕೇಸರಿಬಾತಿನ ಬಣ್ಣಕ್ಕೆ ಕಾಫಿ ಡಿಕಾಕ್ಷನ್ ಬೆರೆಸಿ ಹವಳಕ್ಕೆ ಬಳಿದು, ಮಂಜೇಶ ಬೇಡ ಬೇಡ ಎನ್ನುವಷ್ಟರಲ್ಲಿ ನೀರಿಗಿಳಿಸಿಯೇಬಿಟ್ಟ. ಅಕ್ವೇರಿಯಂ ಪೂರ್ತಿ ತಿಳಿಸಾರಾಯಿತು.

"ನೀರು ಬದಲಾಯಿಸೋ ದರಿದ್ರದವನೇ!" ಎಂದು ಸುಬ್ಬುವಿನ ಕೈಗೆ ಬಕೆಟ್ ತುರುಕಿ ಮಂಜೇಶ ಕಾರು ಹತ್ತಿದ. ಪ್ರಿನ್ಸ್‌ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಅಂಥ ಹವಳವಿಲ್ಲ. ಕೊನೆಗೆ ಹೋಬೋಕನ್ನಿನಲ್ಲಿ ಸಿಕ್ಕಿತು. ಅದೇ ಜಾತಿ, ಅದೇ ಬಣ್ಣ, ಹೆಚ್ಚುಕಡಿಮೆ ಅದೇ ಗಾತ್ರ! ಮಂಜೇಶ ಅಂಗಡಿಯವನನ್ನು ತಬ್ಬಿಕೊಳ್ಳುವುದೊಂದು ಬಾಕಿ. ಟ್ರಾಫಿಕ್ಕಿನಲ್ಲಿ ಎಲ್ಲ ದೇವರಿಗೂ ಹರಕೆ ಹೊತ್ತು ಮನೆ ಮುಟ್ಟಿ, ಹಳೆಯದನ್ನು ಬಚ್ಚಿಟ್ಟು, ತಂದ ಹವಳವನ್ನು ಹೊಸ ನೀರಿಗಿಳಿಸಿ ಉಸಿರು ಬಿಡುವಾಗ ಬೆಲ್ ಆಯಿತು.

ಡೇವ್ ಷೂ ಕೂಡ ಬಿಚ್ಚದೆ ಅಕ್ವೇರಿಯಂ ಮುಂದೆ ಮಂಡಿಯೂರಿದ. "ಇಟ್ಸ್ ಅಲೈವ್!" ಎಂದ. ಅವನ ಕಣ್ಣಲ್ಲಿ ನೀರು. ಬೆಳಿಗ್ಗೆ ಎದ್ದು ದೀಪ ಹಾಕಿದರೆ ಅವನ ಮನೆಯ ಹವಳವೆಲ್ಲ ಬೆಳ್ಳಗಾಗಿ ಸತ್ತುಹೋಗಿತ್ತಂತೆ. ಯಾವ ರೋಗವೋ ಏನೋ. ಆ ವಂಶಕ್ಕೆಲ್ಲ ಇನ್ನು ಈ ತುಂಡೊಂದೇ ಗತಿ.

"ತಗೊಂಡು ಹೋಗಿ, ಇದು ನಿಮ್ಮದೇ" ಎಂದು ಮಂಜೇಶ ಇಂಗ್ಲಿಷಿನಲ್ಲಿ ಕರ್ಣನ ಅವತಾರ ತಾಳಿದ. ಡೇವ್ ಅವನ ಕೈ ಹಿಡಿದು ಕುಲುಕಿದ. ನಾಳೆಯವರೆಗೆ ಕಾಯುವುದೇಕೆ ಎಂದು ಬ್ಯಾಗಿನಿಂದ ಗ್ರೀನ್ ಕಾರ್ಡಿನ ಕಾಗದ ತೆಗೆದು ಪೆನ್ನಿನ ಕ್ಯಾಪ್ ಬಿಚ್ಚಿದ. ಮಂಜೇಶನಿಗೆ ಕುಣಿದಾಡುವಷ್ಟು ಖುಷಿ.

ಕಾಫಿ ತಂದ ಶಿವಲಿಂಗಮ್ಮನವರು, "ಪಾಪ, ಯಾಕೆ ಕಣ್ಣೀರು ಹಾಕ್ತಾವ್ರೆ?" ಎಂದರು.

"ಇವರ ಮನೆ ಹವಳ ಎಲ್ಲ ಬೆಳ್ಳಗಾಯ್ತಂತೆ ಅತ್ತೆ."

ಅವರ ಮುಖ ಊರಗಲವಾಯಿತು. "ನೋಡಿದ್ರಾ! ನಾನೇ ತಿಕ್ಕಿದ್ದು. ಊಟಕ್ಕೆ ಕರೆದೋರ ಮನೇಲಿ ಕೈಕಟ್ಕೊಂಡು ಕೂರಕಾಯ್ತದಾ? ಹುಣಸೆಹಣ್ಣು ಸಿಗಲಿಲ್ಲ, ನಿಂಬೆಹಣ್ಣಲ್ಲೇ ತಿಕ್ದೆ."

"ವಾಟ್ ಡಿಡ್ ಶಿ ಸೇ?" ಡೇವ್ ಕೇಳಿದ.

ಮಂಜೇಶ ಬೆವರು ಒರೆಸಿಕೊಂಡ. ಡೇವ್‌ಗೆ ಕನ್ನಡ ಬಾರದಿದ್ದುದು ಪೂರ್ವಜನ್ಮದ ಪುಣ್ಯ. "ಶಿ ಈಸ್... ಪ್ರೇಯಿಂಗ್ ಫಾರ್ ಯು."

ಸೋಫಾದಲ್ಲಿ ಕಾರ್ಟೂನ್ ನೋಡುತ್ತಿದ್ದ ಮಗಳು ಹರ್ಷಿತಾ ತಲೆಯೆತ್ತಿದಳು. ಸುಳ್ಳು ಹೇಳಬಾರದೆಂದು ಅವಳಿಗೆ ಅಪ್ಪನೇ ಕಲಿಸಿದ್ದ.

"ನೋ ಡ್ಯಾಡಿ! ಅಜ್ಜಿ ಸೆಡ್ ಶಿ ಕ್ಲೀನ್ಡ್ ಹಿಸ್ ಕೋರಲ್ಸ್ ಟೂ, ಜಸ್ಟ್ ಲೈಕ್ ಅವರ್ಸ್. ಬಟ್ ವಿತ್ ಲೆಮನ್."

ಡೇವ್ ಮೆಲ್ಲನೆ ಪೆನ್ನಿನ ಕ್ಯಾಪ್ ಹಾಕಿದ.

"ಕಾಫಿ ಆರೋಯ್ತದೆ, ಕುಡಿಯಕ್ಕೆ ಹೇಳಿ ಅಳಿಯಂದ್ರೇ" ಎಂದರು ಶಿವಲಿಂಗಮ್ಮನವರು.