ಆಮೆಮರಿಗಳ ಪ್ರಯಾಣಕ್ಕೆ ನಾನು ದೀಪ ಬೆಳಗಿದ್ದು

ದೀಪ ಬೆಳಗದೆ ಯಾವ ಕಾರ್ಯವನ್ನೂ ಆರಂಭಿಸಬಾರದೆಂಬುದು ನಮ್ಮ ಕಡೆಯ ಅಲಿಖಿತ ಶಾಸನ. ಕಬಡ್ಡಿ ಪಂದ್ಯಾಟವಿರಲಿ, ರಕ್ತದಾನ ಶಿಬಿರವಿರಲಿ, ಹೊಸ ಬೇಕರಿಯೇ ಇರಲಿ, ಮೊದಲು ದೀಪ, ಉಳಿದದ್ದು ಆಮೇಲೆ. ಅಂಬಲಪಾಡಿಯಲ್ಲಿ ನಿವೃತ್ತ ಅಧ್ಯಾಪಕನಾಗಿ ಕುಳಿತಿರುವ ನನಗೆ ಈಗ ಕಡ್ಡಿ ಗೀರುವುದೇ ಪೂರ್ಣಾವಧಿ ಉದ್ಯೋಗ. ಫ್ಯಾನಿನ ಗಾಳಿಯಲ್ಲೂ ಒಂದೇ ಕಡ್ಡಿಯಲ್ಲಿ ಎಲ್ಲ ಬತ್ತಿಗಳನ್ನೂ ಹೊತ್ತಿಸುವವನೆಂಬ ನನ್ನ ಕೀರ್ತಿ ಕಾಪುವಿನಿಂದ ಬಜಗೋಳಿಯವರೆಗೆ ಹಬ್ಬಿದೆ. ಹಬ್ಬಿಸಿದವನು ನಾನೇ.

ಹೀಗಿರುವಾಗ ಒಂದು ಮಧ್ಯಾಹ್ನ ನನ್ನ ಹೆಂಡತಿ ವಾರಿಜಳ ಅಣ್ಣ ಸದಾಶಿವ ಭಾವ ಫೋನು ಮಾಡಿದರು. ಅವರಿರುವುದು ಕುಂದಾಪುರದಾಚೆ, ಹೊಳೆ ಬದಿಯ ಸಣ್ಣ ಪೇಟೆಯಲ್ಲಿ. ಅಲ್ಲಿನ ಕಡಲತೀರಕ್ಕೆ ಆಮೆಗಳು ಬಂದು ಮೊಟ್ಟೆಯಿಡುತ್ತವೆ. ಆ ಜಾಗಕ್ಕೆ ಬಲೆ ಕಟ್ಟಿ ಕಾವಲು ಕೂರುವವರಲ್ಲಿ ಭಾವನೂ ಒಬ್ಬರು.

“ಮಾಸ್ಟ್ರೇ, ಗೂಡಿನ ಮರಳು ಕುಸಿದಿದೆ. ಇವತ್ತು ಸಂಜೆ ಮರಿಗಳು ಹೊರಡುವ ಹಾಗೆ ಉಂಟು. ವಾರಿಜಳನ್ನು ಕರ್ಕೊಂಡು ಬೇಗ ಬನ್ನಿ.”

ಅಷ್ಟು ಜೀವಗಳು ಒಮ್ಮೆಗೇ ಕಡಲಿಗೆ ಹೊರಡುವ ಸಮಾರಂಭ. ಉದ್ಘಾಟಕನಿಲ್ಲದೆ ಆದೀತೇ? ಹಿತ್ತಾಳೆ ದೀಪ, ಎಣ್ಣೆ, ಬತ್ತಿಗಳನ್ನು ಚೀಲಕ್ಕೆ ತುಂಬಿದೆ. “ಇದೆಂತಕ್ಕೆ?” ಎಂದಳು ವಾರಿಜ. “ಶುಭಕಾರ್ಯ ಅಲ್ವಾ” ಎಂದೆ. ಬಸ್ಸಿನಲ್ಲಿ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಆ ಪೇಟೆಯೋ, ಬಸ್ಸಿಳಿದ ನಮ್ಮನ್ನು ನೋಡಲು ಹೋಟೆಲಿನವರು ಚಹಾ ಬಿಟ್ಟು ಹೊರಗೆ ಬರುವಷ್ಟು ನಿಶ್ಶಬ್ದ. ಹೊಳೆಗೂ ಸಮುದ್ರ ಸೇರುವ ಅವಸರವಿದ್ದಂತೆ ಕಾಣಲಿಲ್ಲ. ಅವಸರವಿದ್ದದ್ದು ನನಗೊಬ್ಬನಿಗೆ.

ಮುಸ್ಸಂಜೆ. ಗಾಳಿ ಬಿದ್ದಿತ್ತು. ಭಾವ ಬಲೆ ಸರಿಸಿ, ಮರಿಗಳ ದಾರಿಯ ಕಸ ಹೆಕ್ಕುತ್ತಾ ನೀರಿನಂಚಿಗೆ ಹೋಗಿದ್ದರು. ಅಷ್ಟರಲ್ಲಿ ಮರಳು ಅಲುಗಿತು. ತೆಂಗಿನ ಚಿಪ್ಪಿನ ತುಂಡಿಗೆ ಕಾಲು ಬಂದಂತೆ ಒಂದು ಮರಿ, ಅದರ ಹಿಂದೆ ಇನ್ನೊಂದು, ಆಮೇಲೆ ಕುದಿಯುವ ಪಾತ್ರೆಯಿಂದ ಉಕ್ಕಿದಂತೆ ಮರಿಗಳೇ ಮರಿಗಳು. ಮುಹೂರ್ತ ಮೀರಬಾರದೆಂದು ಗೂಡಿನ ಮೇಲ್ಬದಿಯಲ್ಲಿ ದೀಪವಿಟ್ಟು ಕಡ್ಡಿ ಗೀರಿದೆ. ಒಂದೇ ಕಡ್ಡಿ.

ಮರಿಗಳು ನಿಂತವು. ಆಮೇಲೆ ಸಮುದ್ರಕ್ಕೆ ಬೆನ್ನು ಹಾಕಿ ಸಾಲಾಗಿ ನನ್ನತ್ತಲೇ ಬರತೊಡಗಿದವು. ಗೌರವವೆಂದೇ ತಿಳಿದು ನಾನು ಕೈ ಮುಗಿದೆ.

“ಎಂತ ಮಾಡಿದ್ರಿ ಮಾರಾಯ್ರೆ,” ಎನ್ನುತ್ತಾ ಭಾವ ಓಡಿ ಬಂದರು. “ಬೆಳಕು ಇದ್ದಲ್ಲಿ ಕಡಲು ಉಂಟು ಅಂತ ಅವು ಹೋಗುವುದು. ಮೇಲೆ ಹತ್ತಿದರೆ ನಾಯಿಗಳು ಬಿಡ್ತಾವಾ? ಊದಿ ಅದನ್ನು.”

ಊದಲು ಬಾಯಿ ದುಂಡಗೆ ಮಾಡಿದೆ.

“ದೀಪವನ್ನು ಬಾಯಿಂದ ಊದುವುದುಂಟಾ?” ಎಂದು ವಾರಿಜ ತಡೆದಳು. “ಹೂವಿನಿಂದ ಶಾಂತ ಮಾಡ್ಬೇಕು.”

“ಹಾಗಾದ್ರೆ ನಿನ್ನ ಮಲ್ಲಿಗೆ ಕೊಡು.”

“ಬಸ್ಸು ತಪ್ಪುತ್ತದೆ ಅಂತ ಮುಡಿಯಲಿಕ್ಕೆ ಬಿಟ್ರಾ ನೀವು?”

“ನೀವು ಶಾಸ್ತ್ರ ಮುಗಿಸುವಷ್ಟರಲ್ಲಿ ಮರಿಗಳು ಉಡುಪಿ ಬಸ್ಸು ಹತ್ತಿರ್ತಾವೆ,” ಎಂದರು ಭಾವ. ಹಾಗೆಂದವರು ತಾವಂತೂ ಊದಲಿಲ್ಲ. ಅವರೂ ನಮ್ಮ ಕಡೆಯವರೇ.

ಮೊದಲ ಮರಿ ನನ್ನ ಹೆಬ್ಬೆರಳಿಗೆ ತಾಗಿತು. ನನಗೇನು ಹೊಳೆಯಿತೋ, ಪಂಚೆ ಎತ್ತಿ ಕಟ್ಟಿ, ದೀಪ ಕೈಗೆತ್ತಿಕೊಂಡು, ಮರಿಗಳನ್ನು ಬಳಸಿಕೊಂಡು ಸಮುದ್ರದ ಬದಿಗೆ ಬಂದೆ. ಮರಿಗಳೂ ತಿರುಗಿದವು. ಒಂದನ್ನೂ ಮೆಟ್ಟಬಾರದೆಂದು ಅವುಗಳ ಮೇಲೆಯೇ ಕಣ್ಣಿಟ್ಟು ಹಿಮ್ಮುಖವಾಗಿ ನಡೆದೆ. ಅಪ್ಪಿತಪ್ಪಿ ಎಡವಿದ್ದರೆ ದೀಪ, ಎಣ್ಣೆ, ಉದ್ಘಾಟಕ ಎಲ್ಲ ಅವುಗಳ ತಲೆಯ ಮೇಲೆ. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ಆಗ ಹಿಂದಿನಿಂದ ಒಂದು ತೆರೆ ಬಂದು ನನ್ನ ಕುತ್ತಿಗೆಗೆ ಬಡಿಯಿತು. ದೀಪ ಶಾಂತವಾಯಿತು. ನಾನು ಕುಳಿತೆ. ಕತ್ತಲ ನೀರಿನಲ್ಲಿ ಪುಟ್ಟದೇನೋ ಒಂದು ನನ್ನ ಅಂಗೈಯನ್ನು ಸವರಿಕೊಂಡು ಮುಂದೆ ಹೋಯಿತು.

“ಎಲ್ಲ ಕಡಲು ಸೇರಿದವು ಮಾಸ್ಟ್ರೇ,” ಎಂದರು ಭಾವ ದಡದಿಂದ. “ಒಂದೂ ಉಳಿಯಲಿಲ್ಲ.”

ಈಗ ಯಾವ ವೇದಿಕೆಗೆ ಹೋದರೂ ಈ ಪ್ರಸಂಗ ಹೇಳದೆ ನಾನು ಇಳಿಯುವುದಿಲ್ಲ. ಜೀವಮಾನವಿಡೀ ಪಾಠ ಹೇಳಿದೆ, ಭಾಷಣ ಮಾಡಿದೆ. ಇಷ್ಟೊಂದು ಮಂದಿ ನನ್ನನ್ನು ನಂಬಿ ಹಿಂದೆ ನಡೆದು ಬಂದದ್ದು ಮಾತ್ರ ಅದೇ ಮೊದಲು. ಅವರೆಲ್ಲ ಹೊರಲೋಕ ಕಂಡು ಅರ್ಧ ಗಂಟೆಯೂ ಆಗಿರಲಿಲ್ಲವೆಂಬುದನ್ನು, ವಾರಿಜ ಸಭೆಯಲ್ಲಿ ಇಲ್ಲದಿದ್ದರೆ, ನಾನು ಹೇಳುವುದಿಲ್ಲ.