ಕೌದಿಯ ನಾಲ್ಕನೇ ಮೂಲೆ

ನಮ್ಮ ಸೋದರತ್ತೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಅವರ ಮನೆಯ ಕೌದಿಯ ಅಂಚು ನೆನಪಿರುತ್ತದೆ! ಯಾರ ಮನೆಗೆ ಹೋದರೂ ಮೊದಲು ಹಾಸಿದ ಕೌದಿಯನ್ನು ಮಗುಚಿ ನೋಡುವುದು, ಆಮೇಲೆ ನಮಸ್ಕಾರ.

ನನ್ನ ಮದುವೆ ಕುದುರಿದ್ದೂ ಹೀಗೆಯೇ. ನಾರಾಯಣಖೇಡದಲ್ಲಿ ಗಂಡಿನ ಮನೆ ನೋಡಲು ಹೋದಾಗ ಎಲ್ಲರೂ ಹುಡುಗನ ನೌಕರಿ ವಿಚಾರಿಸುತ್ತಿದ್ದರೆ, ಆಕೆ ಮಂಚದ ಮೇಲಿನ ಕೌದಿಯ ಮೂಲೆ ಹಿಡಿದು ಕೂತಿದ್ದಳು. "ಮೂಲಿ ಬರಾಬರ್ ಕುಂತದ. ಹುಡುಗಿ ಕೊಡ್ರಿ" ಎಂದು ತೀರ್ಪು ಕೊಟ್ಟಳು. ಆ ಕೌದಿ ಪಕ್ಕದ ಮನೆಯಿಂದ ತಂದದ್ದೆಂದು ಗೊತ್ತಾದದ್ದು ಮದುವೆಯಾದ ಮೇಲೆ!

ಆಕೆಯ ಪ್ರಕಾರ ಅಂಚು ಕಟ್ಟಲು ಮೂರೇ ದಾರಿ. ಕೆಳಗಿನ ಬಟ್ಟೆಯನ್ನು ಮೇಲಕ್ಕೆ ಮಡಚಿ ಹೊಲಿಯುವುದು ಬಡವರ ಜಾಣತನ. ಸುತ್ತಲೂ ಬೇರೆ ಬಣ್ಣದ ಪಟ್ಟಿ ಕೊಡುವುದು ಉಳ್ಳವರ ಠೀವಿ. ಎರಡೂ ಬಟ್ಟೆಯ ತುದಿ ಒಳಕ್ಕೆ ಮಡಚಿ ಬಾಯಿಗೆ ಬಾಯಿ ಸೇರಿಸುವುದು ತಾಳ್ಮೆಯಿದ್ದವರ ಕೆಲಸ, ಅಂದರೆ ಆಕೆಯದು. ಮಷೀನು? ಅದರ ಹೆಸರೆತ್ತುವಾಗ ಯಾರದೋ ಮಗಳು ಓಡಿಹೋದ ಸುದ್ದಿ ಹೇಳುವಂತೆ ದನಿ ತಗ್ಗಿಸುತ್ತಾಳೆ.

ನಾನು ಹೆರಿಗೆಗೆ ತಾಂಡೂರಿನ ತವರಿಗೆ ಬಂದಾಗ, ಕೂಸಿನ ಕೌದಿ ಹೊಲಿಯಲೆಂದೇ ಆಕೆ ಜಹೀರಾಬಾದಿನಿಂದ ಬಂದಿಳಿದಳು. ಹೆರಿಗೆಯಾಯಿತು, ತೊಟ್ಟಿಲ ಶಾಸ್ತ್ರ ನಾಳೆ ಎನ್ನುವಾಗಲೂ ಎರಡು ಅಂಚು ಬಾಕಿ! ನನ್ನ ಕೂಸು ಬರೀ ಟವೆಲ್ ಮೇಲೆ ಮಲಗಬೇಕೇ? ಆಕೆ ಸ್ನಾನಕ್ಕೆ ಹೋದ ಹೊತ್ತು ನೋಡಿ ಕೌದಿಯನ್ನು ಓಣಿಯ ದರ್ಜಿಗೆ ಕಳಿಸಿದೆ. ಹತ್ತೇ ನಿಮಿಷ, ಎರಡೂ ಅಂಚು ಬಂದ್.

ಆಕೆ ನೋಡಿದಳು, ಬ್ಲೇಡು ಕೇಳಿದಳು, ದರ್ಜಿಯ ಹೊಲಿಗೆ ಬಿಚ್ಚಲು ಕೂತಳು.

"ಅತ್ತೀ, ನಾಳಿಗಿ ತೊಟ್ಟಲ ಅದ! ಏನ್ ಮಾಡ್ಲತ್ತೀ?"

"ಹೊಟ್ಟಿ ತುಂಬಸದೇ ಬಾಯಿ ಹೊಲ್ಸೀಯಲ್ಲ!"

"ಯಾರ ಹೊಟ್ಟಿ?"

"ಕೌದಿದು! ಖಾಲಿ ಹೊಟ್ಟಿ ಕೌದಿ ಕೂಸಿಗಿ ನಿದ್ದಿ ಹ್ಯಾಂಗ್ ಕೊಡ್ತದ?"

ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ರೊಟ್ಟಿಯ ಚೂರು ಇಡಬೇಕಂತೆ. ಇದನ್ನು ದರ್ಜಿಗೆ ಯಾರು ಹೇಳಬೇಕು?

ಮರುದಿನ ಮನೆತುಂಬ ನೆಂಟರು. ಕೂಸಿನ ತೂಕವೆಷ್ಟು, ಮೂಗು ಯಾರದು, ಹಾಲು ಸಾಲುತ್ತದೆಯೇ! ಉತ್ತರ ಹೇಳಿ ಹೇಳಿ ಸುಸ್ತಾದೆ. ಅಷ್ಟರಲ್ಲಿ ಸೋದರತ್ತೆ, ಹೊಲಿಯಲು ಒಂದೇ ಮೂಲೆ ಉಳಿದ ಕೌದಿಯೊಂದಿಗೆ ನನ್ನ ಕೋಣೆಗೆ ಬಂದಳು. ಕೈಯಲ್ಲಿ ಬಿಸಿ ಜೋಳದ ರೊಟ್ಟಿ. ಚೂರು ಮುರಿದು ಕೌದಿಯೊಳಗೆ ಇಟ್ಟಳು. "ಕೌದಿ ತರ್ರಿ, ಜಲ್ದಿ!" ಎಂದು ಹೊರಗೆ ಕೂಗುತ್ತಿದ್ದರು. ಆಕೆ ಸೂಜಿ ಎತ್ತಲಿಲ್ಲ.

"ಎಲ್ಲಾರೂ ಕೂಸಿಂದೇ ಕೇಳ್ಲತ್ತಾರ. ನೀ ಮುಂಜಾನಿಂದ ಏನರ ತಿಂದೀ, ಮಗಳಾ?"

ತಿಂದಿರಲಿಲ್ಲ. ಯಾರೂ ಕೇಳಿರಲಿಲ್ಲ, ನನಗೂ ನೆನಪಿರಲಿಲ್ಲ. ಅಳು ಬಂತು. ಉಳಿದ ರೊಟ್ಟಿಯನ್ನು ಆಕೆ ತುತ್ತು ಮಾಡಿ ನನ್ನ ಬಾಯಿಗಿಡುತ್ತಾ ಹೋದಳು. ಹೊರಗಿನವರು ಎಷ್ಟು ಕೂಗಿದರೂ, ನಾನು ಕೊನೆಯ ತುತ್ತು ನುಂಗುವವರೆಗೆ ಆ ಮೂಲೆ ಮುಚ್ಚಲಿಲ್ಲ.