ಮರಳಿಗೆ ನೆಟ್ಟ ಕೋಲು

ಹೊಳೆಯ ಮರಳು ಅಳೆಯುವ ಕೆಲಸ ಒಪ್ಪಿಕೊಂಡಾಗಿನಿಂದ ನನಗೆ ನಗುವುದಕ್ಕೆ ಬರವಿಲ್ಲ.

ನಾನು ಹುಟ್ಟಿದ್ದು ಕೊಪ್ಪಳದ ಕಡೆ. ಬೇಸಿಗೆಯಲ್ಲಿ ಹಳ್ಳದ ಮರಳು ತೋಡಿ, ಒರತೆ ನೀರು ತುಂಬಿಕೊಂಡು ಬೆಳೆದವಳು. ಮದುವೆಯಾಗಿ ಕಳಸದ ಕಡೆ ಬಂದು ಇದನ್ನು ಹೇಳಿದರೆ, "ಮರಳಲ್ಲಿ ನೀರಾ ಅಮ್ಮ?" ಎಂದು ಇಲ್ಲಿಯವರು ನಗುತ್ತಿದ್ದರು.

ಆಮೇಲೆ ಹೊಳೆಗೆ ಅಣೆ ಕಟ್ಟಿದರು. ಮರಳೆಲ್ಲ ಅದರ ಹಿಂದೆ ನಿಂತು, ಕೆಳಗೆ ಬರೀ ಬಂಡೆ ಉಳಿಯಿತು. ನೀರು ಹಿಡಿದಿಡುವ ಮರಳಿಲ್ಲದೆ, ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗಿದ್ದ ದಡದ ಬಾವಿ ಬೇಸಿಗೆಗೆ ಮುಂಚೆಯೇ ಬತ್ತತೊಡಗಿತು. ಮಳೆಗಾಲದಲ್ಲಿ ಅಣೆಯ ತಳದ ಗೇಟು ತೆರೆದು ಮರಳು ಬಿಡಿ ಎಂದು ನಾನು ಹಠ ಹಿಡಿದೆ. ಅಣೆಯ ಎಂಜಿನಿಯರು, "ಒಂದು ವರ್ಷ ಅಳೆದು ತೋರಿಸಿ ಅಮ್ಮ, ನೋಡೋಣ," ಎಂದು ಅಣೆಯ ಹಿಂದೊಂದು, ಕೆಳಗೆ ಬಂಡೆಯ ಸಂದಿಗೊಂದು ಅಂಕಿ ಬರೆದ ಮರದ ಕೋಲು ನೆಡಿಸಿ ಹೋದರು.

ಸುಣ್ಣ

ಮೊದಲ ತಿಂಗಳೇ ಅಂಕಿಗಳು ಮಾಯ. ಎಸ್ಟೇಟಿನ ಮೇಸ್ತ್ರಿ ಕಾಫಿ ಗಿಡಗಳ ಕಾಂಡಕ್ಕೆ ಸುಣ್ಣ ಹೊಡೆಸುತ್ತಾ ಬಂದವನು ಹೊಳೆಯ ಕೋಲಿಗೂ ಬಳಿಸಿದ್ದ.

"ಅದು ಗಿಡ ಅಲ್ಲ ಮಾರಾಯ," ಎಂದೆ.

"ಗೊತ್ತು ಅಮ್ಮ. ಆದ್ರೂ ಮರವೇ ತಾನೆ? ಕಾಂಡಕೊರಕ ಕೇಳ್ಕೊಂಡು ಬರುತ್ತಾ?"

ಹದ

ಎಂಜಿನಿಯರಿಗೆ ಮರಳಿನ ಮಾದರಿ ಒಣಗಿಸಿ ಕಳಿಸಬೇಕಿತ್ತು. ಕಾಫಿ ಕಣದ ಮೂಲೆಯಲ್ಲಿ ಹರಡಿ, ಚೀಲಕ್ಕೆ ತುಂಬಿಟ್ಟಿದ್ದೆ. ಕೊಟ್ಟಿಗೆಹಾರದಿಂದ ಕಾಫಿ ಕೊಳ್ಳಲು ಬಂದ ಸಾಹೇಬರು, ಮಗಳ ಮದುವೆಯ ಸುದ್ದಿ ಹೇಳುತ್ತಲೇ ಅಭ್ಯಾಸಬಲದಿಂದ ಆ ಚೀಲಕ್ಕೆ ಕೈ ಹಾಕಿ, ಸಿಕ್ಕಿದ್ದನ್ನು ಬಾಯಿಗಿಟ್ಟು ಕಚ್ಚಿದರು. ಕಾಫಿ ಒಣಗಿದೆಯೇ ಎಂದು ನೋಡುವುದು ಹಾಗೆಯೇ. ಕಟಕ್ ಎಂದಿತು. ಅವರು ಮರಳು ಉಗುಳಿ ಬಾಯಿ ಒರೆಸಿಕೊಂಡರು.

"ಒಣಗಿದ್ದೇನೋ ಚೆನ್ನಾಗಿ ಒಣಗಿದೆ ಅಮ್ಮ. ರೇಟು ಮಾತ್ರ ನಾನು ಹೇಳಲಾರೆ."

ಅಂಕಿ

ಕೋಲಿಗೆ ಮತ್ತೆ ಅಂಕಿ ಬರೆದು ಅಳೆಯುತ್ತಾ ವರ್ಷ ಮುಗಿಯಿತು. ನನ್ನ ಪುಸ್ತಕ ನೋಡಿದ ಎಂಜಿನಿಯರು ಮಳೆಗಾಲದಲ್ಲಿ ಗೇಟು ತೆರೆಸಿದರು. ಕೆಳಗೆ ಮರಳು ನಿಂತಿದ್ದಕ್ಕೆ ಅಂಕಿ ಸಿಕ್ಕಿದರೆ ಮಾತ್ರ ಇನ್ನು ಪ್ರತಿ ವರ್ಷ ತೆರೆಯುವುದು ಎಂದರು.

ಮಳೆ ಬಿಟ್ಟ ಮೇಲೆ ನೋಡಿದರೆ ಕೆಳಗಿನ ಕೋಲೇ ಇಲ್ಲ. ಫೋನ್ ಮಾಡಿದೆ. "ಕೊಚ್ಚಿಹೋಗಿದೆ ಅಮ್ಮ. ಈಗ ನಾನೇನು ಬರೆಯಲಿ?" ಎನ್ನುತ್ತಲೇ ಎಂಜಿನಿಯರು ಜೀಪಿನಿಂದ ಇಳಿದರು.

"ಹೂತುಹೋಗಿರ್ಬೇಕು ಸಾರ್," ಎಂದು ಮೇಸ್ತ್ರಿ ಕೋಲಿದ್ದ ಜಾಗ ಅಗೆದ. ಮೊಣಕಾಲುದ್ದದ ಆಳದಲ್ಲಿ ಕೋಲಿನ ತುದಿ ಸಿಕ್ಕಿತು. ಎಂಜಿನಿಯರು ಟೇಪು ಹಿಡಿದು ಗುಂಡಿಗಿಳಿದರು. "ಕೋಲು ಮುಳುಗಿ, ಅದರ ಮೇಲೂ ಎರಡಡಿ," ಎಂದು ಸಂತೋಷವಾಗಿ ಬರೆದುಕೊಂಡರು. ಅಷ್ಟರಲ್ಲಿ ಸುತ್ತ ತಿಳಿನೀರು ಒಸರಿ ಅವರ ಬೂಟು ಮುಳುಗಿತು. ಅವರಿಗೆ ಅದರ ಪರಿವೆಯಿಲ್ಲ. ಇನ್ನೊಮ್ಮೆ ಅಳೆಯತೊಡಗಿದರು.

ಹಿಂದೆ "ಮರಳಲ್ಲಿ ನೀರಾ" ಎಂದು ನಕ್ಕಿದ್ದ ಲೈನ್ ಮನೆಯ ಹೆಂಗಸೊಬ್ಬಳು ಕೊಡ ಹಿಡಿದು ಬಂದಳು. ಗುಂಡಿಯ ಅಂಚಿನಲ್ಲಿ ಒಂದಿಷ್ಟು ಹೊತ್ತು ಕಾದು ನಿಂತು, ಕೊನೆಗೆ ಕೇಳಿದಳು:

"ಸಾರ್, ಬರೆದಾಯ್ತಾ? ಆಗಿದ್ರೆ ನಮ್ಮ ಬಾವಿಯಿಂದ ಸ್ವಲ್ಪ ಮೇಲೆ ಬನ್ನಿ."